ಊರು ಬಿಟ್ಟರೂ ಕಲೆ ಬಿಡಬೇಡಿ

“ಶಿವಮೊಗ್ಗದಲ್ಲಿದ್ದಾಗ ಮದುವೆ, ನಾಮಕರಣ ಅಂತ ಫೋಟೊ ತೆಗೆಯೋಕೆ ಕೈತುಂಬಾ ಕೆಲಸ ಇತ್ತು ರೀ. ಇಲ್ಲಿ ನನ್ನನ್ನ ಕೇಳೋರೇ ಇಲ್ಲ. ಒಮ್ಮೊಮ್ಮೆ ಪೇಂಟಿಂಗ್ ಶುರು ಮಾಡೋಣ ಅನ್ಸುತ್ತೆ. ಆದ್ರೆ ಈ ವಯಸ್ಸಲ್ಲಿ ಅದೆಲ್ಲಾ ಬೇಕಾ?” ಪಕ್ಕದ ಮನೆಯವರು ಮೊನ್ನೆ ಕಾಫಿ ಕುಡಿಯುತ್ತಾ ಕೇಳಿದರು. ಯಜಮಾನರಿಗೆ ವರ್ಗವಾಗಿ ಬೆಂಗಳೂರಿಗೆ ಬಂದು ವರ್ಷವಾಯಿತು. ಅವರ ಕ್ಯಾಮೆರಾ ಬೀರುವಿನಲ್ಲಿ ಸೀರೆಗಳ ಹಿಂದೆ ಕುಳಿತಿದೆ.

ಆಗ ನನಗೆ ನೆನಪಾದವಳು ಫ್ರಾನ್ಸಿನ ಡೋರಾ ಮಾರ್.

ಪಿಕಾಸೋನ ‘ಅಳುವ ಹೆಣ್ಣು’ ಚಿತ್ರವನ್ನು ನೀವು ನೋಡಿರಬಹುದು. 1937ರ ಆ ಚಿತ್ರಕ್ಕೆ ರೂಪದರ್ಶಿ ಇದೇ ಡೋರಾ. ಜಗತ್ತು ಅವಳನ್ನು ಬಹುಕಾಲ ಪಿಕಾಸೋನ ಪ್ರೇಯಸಿ ಎಂದಷ್ಟೇ ಗುರುತಿಸಿತು. ಆದರೆ ಅವನ ಪರಿಚಯವಾಗುವ ಮೊದಲೇ ಆಕೆ ಪ್ಯಾರಿಸ್ಸಿನಲ್ಲಿ ಹೆಸರು ಮಾಡಿದ್ದ ಫೋಟೊಗ್ರಾಫರ್! 1907ರಲ್ಲಿ ಹುಟ್ಟಿದ ಆಕೆ 1930ರ ದಶಕದಲ್ಲಿ ಜಾಹೀರಾತು, ಫ್ಯಾಷನ್ ಫೋಟೊಗಳನ್ನು ತೆಗೆಯುತ್ತಿದ್ದಳು. ಪಿಕಾಸೋ ತನ್ನ ಪ್ರಸಿದ್ಧ ‘ಗೆರ್ನಿಕಾ’ ಚಿತ್ರ ಬರೆಯುವಾಗ ಹಂತಹಂತವಾಗಿ ಅದನ್ನು ಫೋಟೊಗಳಲ್ಲಿ ದಾಖಲಿಸಿದ್ದೂ ಆಕೆಯೇ.

1940ರ ದಶಕದ ಮಧ್ಯದ ಹೊತ್ತಿಗೆ ಆ ಸಂಬಂಧ ಮುರಿಯಿತು. ಮನಸ್ಸು ಕುಸಿದು ಚಿಕಿತ್ಸೆಯೂ ಬೇಕಾಯಿತು. ಆಗ ಆಕೆ ನಲವತ್ತರ ಹೊಸ್ತಿಲಲ್ಲಿದ್ದಳು. ಅಲ್ಲಿಂದ ಮುಂದೆ ದಕ್ಷಿಣ ಫ್ರಾನ್ಸಿನ ಮೆನೆರ್ಬ್ ಎಂಬ ಬೆಟ್ಟದ ಮೇಲಿನ ಹಳ್ಳಿಯೂ ಅವಳ ನೆಲೆಯಾಯಿತು. ಅಲ್ಲಿದ್ದದ್ದು ಪಿಕಾಸೋ ಕೊಟ್ಟಿದ್ದ ಮನೆ. ಆದರೆ ಅಲ್ಲಿ ಆಕೆ ಬರೆದದ್ದು ತನ್ನದೇ ಚಿತ್ರಗಳನ್ನು. ಸುತ್ತಲಿನ ಬೆಟ್ಟ, ಬಯಲು, ಆಕಾಶ ಅವಳ ಕುಂಚಕ್ಕೆ ವಸ್ತುವಾದವು. 1958ರಲ್ಲಿ ಲಂಡನ್ನಿನಲ್ಲಿ ಅವಳ ಚಿತ್ರಗಳ ಪ್ರದರ್ಶನವೂ ನಡೆಯಿತು.

ಹಳೆಯ ವಿದ್ಯೆ ವ್ಯರ್ಥವಾಯಿತೇ? ಖಂಡಿತ ಇಲ್ಲ. ಎಪ್ಪತ್ತು ದಾಟಿದ ಮೇಲೆ, 1980ರ ದಶಕದಲ್ಲಿ, ಆಕೆ ಮತ್ತೆ ಡಾರ್ಕ್‌ರೂಮಿಗೆ ಹೋದಳು. ಬೆಳಕು ತಾಗಿದರೆ ಕಪ್ಪಾಗುವ ಫೋಟೊ ಕಾಗದದ ಮೇಲೆ ವಸ್ತುಗಳನ್ನಿಟ್ಟು, ಕ್ಯಾಮೆರಾ ಇಲ್ಲದೆಯೇ ಚಿತ್ರ ಮೂಡಿಸಿದಳು. 1997ರಲ್ಲಿ ತೀರಿಕೊಂಡಾಗ ಆಕೆಗೆ 89 ವರ್ಷ. 2019ರಲ್ಲಿ ಪ್ಯಾರಿಸ್ಸಿನ ಪಾಂಪಿದೂ ಕೇಂದ್ರ ಅವಳ ಕೃತಿಗಳ ದೊಡ್ಡ ಪ್ರದರ್ಶನ ಏರ್ಪಡಿಸಿತು. ಮೆನೆರ್ಬ್‌ನ ಆ ಮನೆ ಈಗ ಕಲಾವಿದರು, ಬರಹಗಾರರು ಬಂದು ಉಳಿದು ಕೆಲಸ ಮಾಡುವ ತಾಣ.

ವರ್ಗ, ಮಕ್ಕಳ ಶಾಲೆ ಅಂತ ಊರು ಬಿಟ್ಟು ಬಂದವರು ನಮ್ಮಲ್ಲೂ ಎಷ್ಟೋ ಮಂದಿ. ಹೊಸದಾಗಿ ಶುರು ಮಾಡುವ ಆಸೆಯಿದ್ದರೆ ಹೀಗೆ ಮಾಡಿ ನೋಡಿ:

* ಕಿಟಕಿ ಪಕ್ಕದ ಒಂದು ಮೂಲೆಯನ್ನು ನಿಮ್ಮದಾಗಿಸಿಕೊಳ್ಳಿ. ಬಣ್ಣ, ಹಾಳೆ ಅಲ್ಲೇ ಇರಲಿ. ದಿನಾ ಎತ್ತಿಡುವಂತಾದರೆ ಉತ್ಸಾಹ ಉಳಿಯುವುದಿಲ್ಲ.

* ಮೊದಲೇ ದುಬಾರಿ ಕ್ಯಾನ್ವಾಸ್ ಬೇಡ. ದಪ್ಪ ಹಾಳೆ, ಜಲವರ್ಣ ಸಾಕು.

* ನೀವು ತೆಗೆದ ಫೋಟೊಗಳನ್ನೇ ಮುಂದಿಟ್ಟುಕೊಂಡು ಬರೆಯಿರಿ. ನೆರಳು ಬೆಳಕು ಗುರುತಿಸುವ ಕಣ್ಣು ನಿಮಗೆ ಈಗಾಗಲೇ ಇದೆ.

* ಮೊದಲ ದಿನವೇ ಮಾರಾಟದ ಚಿಂತೆ ಬೇಡ. ಬೆಂಗಳೂರಿನಲ್ಲಿದ್ದರೆ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯಲ್ಲಿ ಒಮ್ಮೆ ಸುತ್ತಾಡಿ ಬನ್ನಿ. ಎಂತೆಂಥ ಕೈಗಳು ಬರೆಯುತ್ತವೆ ಎಂಬುದು ತಿಳಿಯುತ್ತದೆ.

ಪಕ್ಕದ ಮನೆಯವರು ಕಥೆಯೆಲ್ಲ ಕೇಳಿ ಸುಮ್ಮನೆ ಎದ್ದು ಹೋದರು. ನಿನ್ನೆ ಸಂಜೆ ಬಾಲ್ಕನಿಯಿಂದ ಕರೆದರು. “ನೋಡಿ, ನಮ್ಮನೆ ದಾಸವಾಳ!” ಕೈಯಲ್ಲಿ ಇನ್ನೂ ಒದ್ದೆಯಾಗಿದ್ದ ಹಾಳೆ. ಹೂವು ಸ್ವಲ್ಪ ಸೊಟ್ಟಗಿತ್ತು. ಮುಖ ಮಾತ್ರ ಅರಳಿತ್ತು.