ಎದುರಿಗಿಲ್ಲದವರ ಸಹಿಗೆ ಮುದ್ರೆ ಬೇಡ

ರಜೆಯಲ್ಲಿ ಊರಿಗೆ ಬಂದವರು ಮುಂಬೈಗೋ ದುಬೈಗೋ ಮರಳುವ ಮುನ್ನ ಕಾಪುವಿನ ಜಾಗದ ಕೆಲಸ ನೋಡಿಕೊಳ್ಳಲೆಂದು ತಮ್ಮನಿಗೋ ಭಾವನಿಗೋ ಪವರ್ ಆಫ್ ಅಟಾರ್ನಿ ಬರೆದುಕೊಡುತ್ತಾರೆ. ಮಣಿಪಾಲಕ್ಕೆ ಓದಲು ಬಂದ ಮಕ್ಕಳಿಗೆ ಬಾಡಿಗೆ ಕರಾರು ಬೇಕು. ಕಾರ್ಕಳದ ಹಿರಿಯರೊಬ್ಬರ ಹೆಸರು ಆಧಾರ್‌ನಲ್ಲಿ ಒಂದು ರೀತಿ, ಆರ್‌ಟಿಸಿಯಲ್ಲಿ ಇನ್ನೊಂದು ರೀತಿ ಇದ್ದರೆ ಅಫಿಡವಿಟ್ ಆಗಬೇಕು. ಇಂಥ ಕಾಗದಗಳೆಲ್ಲ ಕೊನೆಗೆ ಹೋಗುವುದು ನೋಟರಿಯ ಮೇಜಿಗೆ. ಮುದ್ರೆ ಬಿದ್ದರೆ ಕೆಲಸ ಮುಗಿಯಿತು ಎಂದು ನಂಬಿದ್ದೇವೆ. ಹೀಗಾಗಿಯೇ 'ಅವರು ಸಹಿ ಹಾಕಿ ಕಳುಹಿಸಿದ್ದಾರೆ, ಒಂದು ನೋಟರಿ ಮಾಡಿಕೊಡಿ' ಎಂದು ಕೇಳಲು ಸಂಕೋಚವಾಗುವುದಿಲ್ಲ. ಹಾಗೆ ಕೇಳುವುದು ತಪ್ಪು, ಮಾಡಿಕೊಡುವುದು ಇನ್ನೂ ದೊಡ್ಡ ತಪ್ಪು.

1952ರ ನೋಟರಿ ಕಾಯ್ದೆ ಮತ್ತು 1956ರ ನಿಯಮಗಳನ್ನು ಓದಿದರೆ ಕಾರಣ ತಿಳಿಯುತ್ತದೆ. ನೋಟರಿಯಾಗಲು ವಕೀಲರಿಗೆ ಕನಿಷ್ಠ 10 ವರ್ಷಗಳ ವೃತ್ತಿ ಅನುಭವ ಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ ಹಾಗೂ ಹಿಂದುಳಿದ ವರ್ಗದವರಿಗೆ 7 ವರ್ಷ ಸಾಕು. ನೇಮಿಸುವುದು ಕೇಂದ್ರ ಅಥವಾ ರಾಜ್ಯ ಸರ್ಕಾರ, ಪ್ರಮಾಣಪತ್ರದ ಅವಧಿ 5 ವರ್ಷ. ಬರೇ ಮುದ್ರೆ ಒತ್ತಲು ಇಷ್ಟು ಅನುಭವ ಯಾಕೆ? ಸಹಿ ಹಾಕುತ್ತಿರುವವರು ಅವರೇ ಹೌದೇ, ಬರೆದದ್ದು ಅವರಿಗೆ ಅರ್ಥವಾಗಿದೆಯೇ, ಪಕ್ಕದಲ್ಲಿ ನಿಂತವರ ಒತ್ತಾಯಕ್ಕೆ ಬಂದಿದ್ದಾರೆಯೇ ಎಂದು ಅಳೆಯಬಲ್ಲ ಕಣ್ಣು ಬೇಕೆಂದೇ ಕಾನೂನು ಹೀಗೆ ಹೇಳಿದೆ. ನೋಟರಿ ಇಡಬೇಕಾದ ರಿಜಿಸ್ಟರನ್ನೇ ನೋಡಿ: ಕ್ರಮಸಂಖ್ಯೆ, ದಿನಾಂಕ, ಕಾಗದದ ಸಾರಾಂಶ, ಪಡೆದ ಶುಲ್ಕದ ಜೊತೆಗೆ ಬಂದವರ ಸಹಿಗೂ ಒಂದು ಕಲಂ ಇದೆ. ದುಬೈಯಲ್ಲಿರುವವರು ಉಡುಪಿಯ ರಿಜಿಸ್ಟರಿನಲ್ಲಿ ಸಹಿ ಹಾಕುವುದು ಹೇಗೆ? ನೋಟರಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿಯನ್ನು ಸರಿಯಾಗಿಯೇ ಬರೆದುಕೊಟ್ಟದ್ದೆಂದು ನ್ಯಾಯಾಲಯ ಮೊದಲಿಗೆ ಭಾವಿಸಿಕೊಳ್ಳುತ್ತದೆ. ಅಷ್ಟು ದೊಡ್ಡ ನಂಬಿಕೆ ನಿಂತಿರುವುದು ಆ ಒಂದು ಕಲಮಿನ ಮೇಲೆ.

ದಿನವಿಡೀ ಜನ ಬರುವಲ್ಲಿ ಪ್ರತಿಯೊಬ್ಬರ ಜಾತಕ ನೋಡುತ್ತ ಕೂರಲು ಸಾಧ್ಯವೇ, ಶುಲ್ಕವೂ ಅಲ್ಪವಲ್ಲವೇ ಎಂಬ ಆಕ್ಷೇಪವಿದೆ. ಶುಲ್ಕ ಕಡಿಮೆ ಎಂಬ ಮಾತಿನಲ್ಲಿ ಸತ್ಯವಿದೆ, ಅದನ್ನು ಸರ್ಕಾರ ಕಾಲಕಾಲಕ್ಕೆ ಏರಿಸಲಿ. ಆದರೆ ಗುರುತಿನ ಚೀಟಿ ನೋಡಿ ಎರಡು ಪ್ರಶ್ನೆ ಕೇಳಲು ಐದು ನಿಮಿಷ ಸಾಕು. ಕಾಗದದೊಳಗಿನ ಮಾತಿಗೆ ನೋಟರಿ ಹೊಣೆಯಲ್ಲ ಎಂಬುದು ಇನ್ನೊಂದು ವಾದ. ಅಫಿಡವಿಟ್‌ನಲ್ಲಿ ಹೇಳಿದ್ದು ಸುಳ್ಳಾದರೆ ಹೇಳಿದವರೇ ಹೊಣೆ, ಒಪ್ಪುವೆ. ಹೇಳಿದವರು ಯಾರು ಎಂಬುದಕ್ಕೆ ಮಾತ್ರ ನೋಟರಿಯೇ ಹೊಣೆ.

ಮುದ್ರೆಗೆ ಇಲ್ಲದ ಶಕ್ತಿಯನ್ನು ಹೊರಿಸುವುದೂ ಅಪಾಯವೇ. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಲೇಬೇಕು. ನೋಟರಿ ಮಾಡಿಸಿದ ಕರಾರಿನಿಂದ ಜಾಗ ಕೈಬದಲಾಗದು. ಮದುವೆ, ವಿಚ್ಛೇದನವನ್ನೂ ನೋಟರಿ ಮಾಡಿಕೊಡಲಾರರು. ಅಳಿಯಸಂತಾನದ ಕಾಲದಿಂದ ಬಂದ ಕುಟುಂಬದ ಆಸ್ತಿಯಲ್ಲಿ ಹತ್ತಾರು ಪಾಲುದಾರರು, ಅರ್ಧಕ್ಕರ್ಧ ಮಂದಿ ಪರವೂರಿನಲ್ಲಿ. ಒಬ್ಬರು ಎಲ್ಲರ ಸಹಿ 'ಹೊಂದಿಸಿ'ದರೆ ಆಮೇಲಿನ ದಾವೆ ಮೊಮ್ಮಕ್ಕಳ ತನಕ ನಡೆದೀತು. ವಿದೇಶದಲ್ಲಿರುವವರಿಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ದಾರಿ ಇದ್ದೇ ಇದೆ, ಮುಂಬೈಯವರಿಗೆ ಅಲ್ಲಿಯೇ ನೋಟರಿಗಳಿದ್ದಾರೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನೋಟರಿಯ ಬಳಿ ಸ್ವತಃ ಹೋಗಿ, ಕಾಗದವನ್ನು ಪೂರ್ತಿ ಓದಿ ಅಥವಾ ಓದಿಸಿಕೊಳ್ಳಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಕ್ರಮಸಂಖ್ಯೆ ಬರೆದುಕೊಳ್ಳಿ, ಕೊಟ್ಟ ಹಣಕ್ಕೆ ರಶೀದಿ ಕೇಳಿ. ನಿಮ್ಮ ಹೆಸರಿನಲ್ಲಿ ನೀವಿಲ್ಲದೆ ಮುದ್ರೆ ಬಿದ್ದಿದೆ ಎಂದು ಗೊತ್ತಾದರೆ ನೇಮಿಸಿದ ಸರ್ಕಾರಕ್ಕೆ ಲಿಖಿತ ದೂರು ಕೊಡಿ. ವಿಚಾರಣೆಯಲ್ಲಿ ತಪ್ಪು ಸಾಬೀತಾದರೆ ನೋಟರಿಯ ಹೆಸರನ್ನು ಪಟ್ಟಿಯಿಂದ ತೆಗೆಯುವ ಅಧಿಕಾರ ಸರ್ಕಾರಕ್ಕಿದೆ.