ಬಿಲ್ಲೆ ಗೋವಾದ್ದು, ಅಚ್ಚು ಯಾರದ್ದು?

ಹೆಬ್ಬಾಳ, ಆರ್.ಟಿ. ನಗರದ ಕಡೆಯಿಂದ ಗೋವಾಕ್ಕೆ ಹೋಗಿ ಬಂದವರ ಜೇಬಿನಲ್ಲಿ ಒಮ್ಮೊಮ್ಮೆ ಒಂದು ಬಣ್ಣದ ಬಿಲ್ಲೆ ಉಳಿದಿರುತ್ತೆ. ಕ್ಯಾಸಿನೊದಲ್ಲಿ ದುಡ್ಡಿನ ಬದಲು ಕೊಡೋ ಚಿಪ್ಪು ಅದು. ನಮ್ಮ ರಾಜ್ಯದಲ್ಲಿ ಕ್ಯಾಸಿನೊ ಇಲ್ಲ. ಕೊಟ್ಟ ಕ್ಯಾಸಿನೊದ ಹೊರಗೆ ಆ ಬಿಲ್ಲೆಗೆ ಕಿಲುಬುಕಾಸೂ ಹುಟ್ಟೋದಿಲ್ಲ. ಆದರೂ ಅಂಚೆಚೀಟಿ, ಹಳೆ ನಾಣ್ಯದ ಹಾಗೆ ಇದನ್ನೂ ಕೂಡಿಡೋ ಹವ್ಯಾಸಿಗಳಿದ್ದಾರೆ. ಕೂಡಿಡೋರು ಇದ್ದ ಕಡೆ ನಕಲು ಮಾಡೋರೂ ಹುಟ್ಟುತ್ತಾರೆ.

'ಜೂಜಾಡೋಕಲ್ಲ ಸ್ವಾಮಿ, ಷೋಕೇಸಿನಲ್ಲಿ ಇಡೋಕೆ. ತಪ್ಪೇನು?' ಅಂತ ಯಾರಾದರೂ ಕೇಳಬಹುದು. ಕಾನೂನಿನ ಉತ್ತರ ಅಷ್ಟು ಸಲೀಸಲ್ಲ.

ಬಿಲ್ಲೆಯ ವಿನ್ಯಾಸಕ್ಕೆ ಆಯಸ್ಸು ಇದೆ. 2000ದ ವಿನ್ಯಾಸ ಕಾಯಿದೆಯಲ್ಲಿ ನೋಂದಾಯಿಸಿದ್ರೆ 10 ವರ್ಷ, ಮುಂದುವರಿಸಿದ್ರೆ ಇನ್ನೂ 5. ಆಮೇಲೆ ಆ ಹಕ್ಕು ಮುಗೀತು. ಆದರೆ ಬಿಲ್ಲೆ ಮೇಲಿನ ಹೆಸರು, ಗುರುತಿಗೆ ಸಾವಿಲ್ಲ. ಟ್ರೇಡ್ ಮಾರ್ಕನ್ನು 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಎಷ್ಟು ಕಾಲ ಬೇಕಾದ್ರೂ ಇಟ್ಟುಕೊಳ್ಳಬಹುದು.

ನಮ್ಮ ಯಶವಂತಪುರದ ಪಕ್ಕದ ಸಾಬೂನು ಕಾರ್ಖಾನೆಯನ್ನೇ ನೋಡಿ. ಮೈಸೂರು ಸ್ಯಾಂಡಲ್ ಸೋಪು ಹುಟ್ಟಿ ನೂರು ವರ್ಷ ದಾಟಿತು. ಗಂಧದ ಪರಿಮಳದ ಸೋಪು ಯಾರು ಬೇಕಾದ್ರೂ ಮಾಡಲಿ, ಆ ಹೆಸರು, ಆ ಶರಭದ ಗುರುತು ಒತ್ತೋ ಹಾಗಿಲ್ಲ. ಒತ್ತಿ ಮಾರುತ್ತಿದ್ದವರು 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಸಿಕ್ಕಿಬಿದ್ದರು. ಬಿಲ್ಲೆಗೂ ಅದೇ ನ್ಯಾಯ.

ಇಲ್ಲಿ ಎಚ್ಚರ ಬೇಕಾದ್ದು ಕೊಳ್ಳೋರಿಗಿಂತ ಅಚ್ಚು ಕೊರೆಯೋ ಸಣ್ಣ ವರ್ಕ್‌ಷಾಪಿನವರಿಗೆ. 1999ರ ಟ್ರೇಡ್ ಮಾರ್ಕ್ ಕಾಯಿದೆಯ 103ನೇ ಸೆಕ್ಷನ್ ಓದಿ. ಗುರುತನ್ನು ನಕಲು ಮಾಡೋಕೆ ಡೈ, ಬ್ಲಾಕು, ಪ್ಲೇಟು ಮಾಡಿದವನೂ ತಪ್ಪಿತಸ್ಥ, ಬರೀ ಇಟ್ಟುಕೊಂಡವನೂ ತಪ್ಪಿತಸ್ಥ. 6 ತಿಂಗಳಿಂದ 3 ವರ್ಷ ಜೈಲು, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಮೋಸದ ಉದ್ದೇಶ ಇರಲಿಲ್ಲ ಅಂದ್ರೆ ಬಚಾವು. ಆದ್ರೆ ಅದನ್ನು ಸಾಬೀತು ಮಾಡಬೇಕಾದವನು ಪೊಲೀಸನಲ್ಲ, ಅಚ್ಚು ಕೊರೆದವನೇ!

ಅಮೆರಿಕದಲ್ಲಿ 1973ರ ಕಾನೂನೊಂದಿದೆ. ಹಳೆ ನಾಣ್ಯದ ಪ್ರತಿರೂಪ ಮಾಡಿದವರು ಅದರ ಮೇಲೇ 'ಕಾಪಿ' ಅಂತ ಅಳಿಸದ ಹಾಗೆ ಒತ್ತಬೇಕು. ಕೊಳ್ಳೋನಿಗೂ ಗೊತ್ತು, ಮಾರೋನಿಗೂ ಗೊತ್ತು. ನಮ್ಮಲ್ಲೂ ಆರ್ಡರು ಹಿಡಿಯೋ ಮುಂಚೆ ಗುರುತಿನ ಮಾಲೀಕರ ಒಪ್ಪಿಗೆ ಪತ್ರ ಕೇಳಿ, ಒಂದು ಪ್ರತಿ ಫೈಲಿನಲ್ಲಿಡಿ. ಪತ್ರ ಇಲ್ಲ ಅಂದ್ರೆ ಬೇರೆಯವರ ಹೆಸರು ಬಿಟ್ಟು ಗಿರಾಕಿಯ ಹೆಸರನ್ನೇ ಕೊರೆದುಕೊಡಿ. ನಾಲ್ಕು ಕಾಸು ಕಡಿಮೆ ಬಂದೀತು, ಕೋರ್ಟಿನ ಅಲೆದಾಟ ಮಾತ್ರ ತಪ್ಪುತ್ತೆ.