ಹವಳಕ್ಕೆ ಮದ್ದು ಹಾಕುವ ಮೊದಲು

ಗಲ್ಫ್‌ನಲ್ಲಿರುವ ನಮ್ಮ ಕೆಲವು ಹುಡುಗರಿಗೆ ಈಗ ಹವಳ ಸಾಕುವ ಹುಚ್ಚು ಹಿಡಿದಿದೆ. ಫ್ಲ್ಯಾಟಿನ ಹಾಲ್‌ನಲ್ಲಿ ಮೂರ್ನಾಲ್ಕು ಅಡಿಯ ಗಾಜಿನ ಟ್ಯಾಂಕ್, ಅದರ ತುಂಬ ಉಪ್ಪುನೀರು, ನೀಲಿ ದೀಪದ ಕೆಳಗೆ ಜೀವಂತ ಹವಳಗಳು. ಊರಿಗೆ ವಿಡಿಯೋ ಕಾಲ್ ಮಾಡಿದರೆ ಮಕ್ಕಳ ಮುಖಕ್ಕಿಂತ ಮೊದಲು ಟ್ಯಾಂಕೇ ಕಾಣುತ್ತದೆ. ಖರ್ಚಿನ ಮಾತು ಈಗ ಬೇಡ. ಅಷ್ಟು ದುಡ್ಡು ಕೊಟ್ಟು ತಂದ ಹವಳ ಒಂದು ದಿನ ಬೆಳ್ಳಗಾಗುತ್ತದೆ. ಕೂಡಲೇ ಅಂಗಡಿಗೆ ಓಡಿ, ಕೈಗೆ ಸಿಕ್ಕಿದ ಮದ್ದನ್ನೆಲ್ಲ ತಂದು ಸುರಿಯುತ್ತಾರೆ. ಕಾಯಿಲೆ ಎಂತದ್ದು ಅಂತ ನೋಡುವ ಮೊದಲೇ ಮದ್ದು! ಬದುಕಬಹುದಾಗಿದ್ದ ಹವಳ ಎಷ್ಟೋ ಸಲ ಸಾಯುವುದು ಹೀಗೆ.

ಕುರ್‌ಆನ್ ಓದುವ ನಮಗೆ ಮರ್ಜಾನ್ ಹೊಸ ಶಬ್ದ ಅಲ್ಲ. ಸೂರಃ ರಹ್ಮಾನ್‌ನ 22 ಮತ್ತು 58ನೇ ಆಯತ್‌ಗಳಲ್ಲಿ ಅದು ಬರುತ್ತದೆ. ಹವಳ ಎಂದು ಅರ್ಥ ಹೇಳುವವರು ಇದ್ದಾರೆ, ಸಣ್ಣ ಮುತ್ತು ಎಂದ ಮುಫಸ್ಸಿರರೂ ಇದ್ದಾರೆ. ಉಂಗುರದಲ್ಲಿ ನಾವು ನೋಡುವ ಕೆಂಪು ಹವಳ ಜೀವ ಹೋದ ಮೇಲೆ ಉಳಿದ ಗಟ್ಟಿ ಭಾಗ. ಟ್ಯಾಂಕಿನಲ್ಲಿರುವುದು ಜೀವ ಇರುವ ಹವಳ. ನೋಡಲಿಕ್ಕೆ ಗಿಡದ ಹಾಗೆ ಇದ್ದರೂ ಪ್ರಾಣಿ; ಪಾಲಿಪ್ ಎಂಬ ಪುಟಾಣಿ ಜೀವಿಗಳು ಒಟ್ಟಾಗಿ ಬದುಕುವ ದೊಡ್ಡ ಕುಟುಂಬ. ಅವುಗಳ ಮೈಯೊಳಗೆ ಬರಿಗಣ್ಣಿಗೆ ಕಾಣದ ಪಾಚಿ ಇರುತ್ತದೆ. ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಪಾಲು ಕೊಡುವುದು ಈ ಪಾಚಿ. ನೀರು ಬಿಸಿಯಾದರೆ ಅಥವಾ ಬೆಳಕು ಅತಿಯಾದರೆ ಪಾಚಿ ಹೊರಬೀಳುತ್ತದೆ. ಆಗ ಪಾರದರ್ಶಕ ಮೈಯ ಒಳಗಿನ ಸುಣ್ಣದ ಗೂಡು ಬೆಳ್ಳಗೆ ಕಾಣುತ್ತದೆ. ಇದೇ ಬಿಳುಚುವುದು.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ಬಿಳುಚಿದ್ದೋ, ಸತ್ತದ್ದೋ? ಟಾರ್ಚ್ ಮತ್ತು ಭೂತಗನ್ನಡಿ ಹಿಡಿದು ಹತ್ತಿರದಿಂದ ನೋಡಿ. ಬೆಳ್ಳಗಿದ್ದರೂ ತೆಳು ಚರ್ಮ ಮತ್ತು ಪಾಲಿಪ್ ಕಂಡರೆ ಜೀವ ಉಂಟು ಅಂತ ಅರ್ಥ. ಚರ್ಮವೇ ಸುಲಿದು ಒರಟು ಸುಣ್ಣ ಮಾತ್ರ ಉಳಿದಿದ್ದರೆ ಆ ಭಾಗ ಮುಗಿಯಿತು. ಕೆಲವು ದಿನಗಳಲ್ಲಿ ಅದರ ಮೇಲೆ ಹಸಿರು ಪಾಚಿ ಹತ್ತುತ್ತದೆ. ಬಿಳುಚಿದ್ದಕ್ಕೆ ಬೇಕಾದದ್ದು ನೆಮ್ಮದಿ. ದೀಪ ಸ್ವಲ್ಪ ಕಡಿಮೆ ಮಾಡಿ, ನೀರು ಸ್ಥಿರವಾಗಿಡಿ. ಚೇತರಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು.

ಎರಡನೆಯದು, ಒಂದಕ್ಕೋ ಎಲ್ಲಕ್ಕೋ? ಎಲ್ಲ ಹವಳಗಳೂ ಒಟ್ಟಿಗೆ ಮುದುಡಿದರೆ ನೀರನ್ನು ಸಂಶಯಿಸಿ. ದೀಪಕ್ಕೆ ಎದುರಾದ ಮೇಲ್ಭಾಗ ಮಾತ್ರ ಬಿಳುಚಿ ಅಡಿಭಾಗ ಸರಿಯಿದ್ದರೆ ಬೆಳಕು ಜಾಸ್ತಿ. ಹೊಸ ಎಲ್‌ಇಡಿ ಹಾಕಿದ ಮನೆಗಳಲ್ಲಿ ಇದು ಸಾಮಾನ್ಯ. ಒಂದೇ ಹವಳಕ್ಕೆ ತೊಂದರೆಯಾದರೆ ಹುಳ ಇರಬಹುದು, ಇಲ್ಲವೇ ಪಕ್ಕದ ಹವಳ ಕುಟುಕಿರಬಹುದು. ಹೌದು, ಹವಳಗಳೂ ನೆರೆಕರೆಯಲ್ಲಿ ಜಗಳ ಮಾಡುತ್ತವೆ! ಗ್ಯಾಲಕ್ಸಿಯಾದಂಥವು ರಾತ್ರಿ ಉದ್ದ ಎಳೆಗಳನ್ನು ಚಾಚಿ ಪಕ್ಕದ್ದನ್ನು ಸುಡುತ್ತವೆ. ದೀಪ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದರೆ ಹಗಲು ಕಾಣದ್ದು ಕಾಣುತ್ತದೆ.

ಕುಟುಂಬದಲ್ಲೇ ನಡೆದ ಒಂದು ಸಂಗತಿ ಹೇಳಬೇಕು. ಶಾರ್ಜಾದಲ್ಲಿರುವ ನಮ್ಮ ತಂಗಿಯ ಮಗ ಜುಲೈಯಲ್ಲಿ ಮೂರು ವಾರದ ರಜೆಗೆ ಊರಿಗೆ ಬಂದಿದ್ದ. ಕರೆಂಟ್ ಬಿಲ್ಲಿನ ಹೆದರಿಕೆಯಿಂದ ಎಸಿಯನ್ನು 30ಕ್ಕೆ ಇಟ್ಟಿದ್ದ. ಟ್ಯಾಂಕಿನ ನೀರು ಕಡಿಮೆಯಾದರೆ ತುಂಬಿಸಲು ಗೆಳೆಯನಿಗೆ ಹೇಳಿದ್ದ. ವಾಪಸ್ ಹೋಗಿ ಬಾಗಿಲು ತೆರೆದರೆ ಹವಳವೆಲ್ಲ ಬಿಳಿ. ರಾತ್ರಿಯೇ ಮೂರು ಬಾಟಲಿ ತಂದಿಟ್ಟು ನಮಗೆ ಫೋಟೋ ಕಳಿಸಿದ. "ಯಾವುದೂ ಹಾಕಬೇಡ ಮೋನೆ, ಮೊದಲು ಅಳತೆ ಹೇಳು" ಎಂದೆವು. ನೀರಿನ ಬಿಸಿ 31 ಡಿಗ್ರಿ. ಉಪ್ಪು 1.030.

ಬಿಸಿ ಯಾಕೆ ಏರಿತೆಂದು ಗೊತ್ತಾಯಿತು. ಉಪ್ಪು ಯಾಕೆ? ಗೆಳೆಯನನ್ನು ಕೇಳಿದಾಗ ಉತ್ತರ ಸಿಕ್ಕಿತು. "ಉಪ್ಪುನೀರಿನ ಟ್ಯಾಂಕ್ ಅಲ್ವಾ, ಉಪ್ಪುನೀರೇ ಹಾಕಿದೆ" ಅಂದ. ಪಾಪ, ಒಳ್ಳೆಯ ಮನಸ್ಸಿನಿಂದ ಮಾಡಿದ್ದು. ಆದರೆ ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಒಲೆಯ ಮೇಲೆ ಸಾರು ಬತ್ತಿದರೆ ಉಪ್ಪು ಏರುವುದು ಯಾವ ಉಮ್ಮನಿಗೆ ಗೊತ್ತಿಲ್ಲ? ಆದ್ದರಿಂದ ಆವಿಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು, ಅದೂ ಆರ್‌ಒ ಶುದ್ಧ ನೀರು. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದೆ, ಹಳೆ ಪೈಪಿನ ತಾಮ್ರವೂ ಸೇರಬಹುದು. ತಾಮ್ರ ಹವಳಕ್ಕೆ ವಿಷ. ಮೀನಿನ ರೋಗಕ್ಕೆಂದು ಮಾರುವ ತಾಮ್ರದ ಮದ್ದನ್ನು ಹವಳದ ಟ್ಯಾಂಕಿಗೆ ಹಾಕಲೇಬಾರದು.

ಉಪ್ಪನ್ನು ಒಂದೇ ದಿನ ಇಳಿಸಲಿಲ್ಲ. ದಿನಾ ಸ್ವಲ್ಪ ಟ್ಯಾಂಕಿನ ನೀರು ತೆಗೆದು ಅಷ್ಟೇ ಶುದ್ಧ ನೀರು ಹಾಕಿ, ಒಂದು ವಾರದಲ್ಲಿ 1.026ಕ್ಕೆ ತಂದ. ಬಿಸಿಯನ್ನು ಮೆಲ್ಲ 26ಕ್ಕೆ ಇಳಿಸಿದ. ಕವಲುಕವಲಾದ ಗಟ್ಟಿ ಹವಳಗಳು ಹೆಚ್ಚಿನವು ಉಳಿಯಲಿಲ್ಲ. ಮೆತ್ತನೆಯ ಹವಳಗಳು ಎರಡು ತಿಂಗಳಲ್ಲಿ ಬಣ್ಣಕ್ಕೆ ಬಂದವು. ಆ ಮೂರು ಬಾಟಲಿಗಳ ಮುಚ್ಚಳ ತೆರೆಯಲೇ ಇಲ್ಲ.

ಅಲ್ಲಿನ ಕಡಲಿನ ಹವಳ ಬೇಸಿಗೆಯಲ್ಲಿ 34 ಡಿಗ್ರಿಯನ್ನೂ ತಾಳುತ್ತದಲ್ಲ ಎಂದು ಆಮೇಲೆ ಅವನೇ ಕೇಳಿದ. ತಾಳುತ್ತದೆ, ನಿಜ. ಆದರೆ ಅವಕ್ಕೂ ಮಿತಿ ಉಂಟು. 2017ರ ಬೇಸಿಗೆಯಲ್ಲಿ ಅಬುಧಾಬಿ ತೀರದಲ್ಲಿ ಅವೂ ದೊಡ್ಡ ಪ್ರಮಾಣದಲ್ಲಿ ಬಿಳುಚಿ ಸತ್ತವು. ಅಂಗಡಿಯ ಹವಳವಂತೂ ಹೆಚ್ಚಾಗಿ ಇಂಡೋನೇಷ್ಯಾ, ಆಸ್ಟ್ರೇಲಿಯಾ ಕಡೆಯದ್ದು.

ಬಿಸಿ, ಉಪ್ಪು ಸರಿಯಿದ್ದೂ ಹವಳದ ಚರ್ಮ ಬುಡದಿಂದ ಮೆಲ್ಲ ಸುಲಿಯುತ್ತಿದ್ದರೆ ಆಲ್ಕಲಿನಿಟಿ ನೋಡಬೇಕು. ಹವಳ ತನ್ನ ಸುಣ್ಣದ ಗೂಡು ಕಟ್ಟಲು ಬಳಸುವ ಸಾಮಾನು ನೀರಲ್ಲಿ ಎಷ್ಟಿದೆ ಎಂಬ ಲೆಕ್ಕ ಇದು. 8ರಿಂದ 10 ಡಿಕೆಎಚ್ ಇದ್ದರೆ ಒಳ್ಳೆಯದು. ಸಂಖ್ಯೆಗಿಂತಲೂ ಮುಖ್ಯ ಅದು ಕುಣಿಯದೆ ಇರುವುದು. ದಿನಕ್ಕೆ ಒಂದಕ್ಕಿಂತ ಜಾಸ್ತಿ ಏರಿಳಿಯಬಾರದು. ಕಡಿಮೆ ಉಂಟೆಂದು ಒಮ್ಮೆಲೇ ಬಫರ್ ಪುಡಿ ಸುರಿದರೆ, ಸುಲಿಯುವುದು ಇನ್ನೂ ಜೋರಾಗಬಹುದು. ಕ್ಯಾಲ್ಸಿಯಂ 400ರಿಂದ 450 ಇರಲಿ.

ಹವಳ ಕಂದು ಬಣ್ಣಕ್ಕೆ ತಿರುಗಿದರೆ ಸಾಯುತ್ತಿದೆ ಎಂದಲ್ಲ. ನೈಟ್ರೇಟ್, ಫಾಸ್ಫೇಟ್ ಹೆಚ್ಚಾಗಿ ಒಳಗಿನ ಪಾಚಿ ಕೊಬ್ಬಿರುತ್ತದೆ. ಮೀನಿಗೆ ತಿನ್ನಿಸುವುದು ಕಡಿಮೆ ಮಾಡಿ. ಟಾರ್ಚ್, ಹ್ಯಾಮರ್ ಜಾತಿಯ ಹವಳದ ಮೇಲೆ ಕಂದು ಲೋಳೆ ಬಂದು ಕೆಟ್ಟ ವಾಸನೆ ಹೊಡೆದರೆ ಮಾತ್ರ ತಡ ಮಾಡಬಾರದು. ಲೋಳೆಯನ್ನು ಪೈಪಿನಿಂದ ಹೊರಗೆ ಎಳೆದು, ಆ ಹವಳವನ್ನು ಬೇರೆ ಪಾತ್ರೆಗೆ ಹಾಕಿ.

ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಎರಡು ಸಲ ಓದಿ. ಜೋವಾಂತಿಡ್ ಎಂಬ ಗುಂಡಿಯಂಥ ಹವಳಗಳಲ್ಲಿ ಕೆಲವು ಜಾತಿಗಳಿಗೆ ಪಾಲಿಟಾಕ್ಸಿನ್ ಎಂಬ ಭಾರೀ ವಿಷ ಇರುತ್ತದೆ. ಅವು ಹತ್ತಿದ ಕಲ್ಲನ್ನು ಸ್ವಚ್ಛ ಮಾಡಲು ಕುದಿಸಿದರೆ, ಬಿಸಿನೀರು ಹಾಕಿ ಉಜ್ಜಿದರೆ ವಿಷ ಹಬೆಯಲ್ಲಿ ಸೇರಿ ಮನೆಯವರೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಬೇರೆ ಬೇರೆ ದೇಶಗಳಲ್ಲಿ ಆಗಿವೆ. ಗ್ಲೌಸ್ ಇಲ್ಲದೆ, ಕೈಯಲ್ಲಿ ಗಾಯ ಇಟ್ಟುಕೊಂಡು ಮುಟ್ಟಬೇಡಿ.

ಇಂಥ ಜೀವಿಯನ್ನು ಸಾಕುವುದು ಜಾಇಝೋ ಎಂದು ಕೆಲವರು ಕೇಳುತ್ತಾರೆ. ಅಬೂ ಉಮೈರ್ ಎಂಬ ಪುಟ್ಟ ಹುಡುಗ ಸಾಕಿದ ಹಕ್ಕಿಯ ಬಗ್ಗೆ ಪ್ರವಾದಿಯವರು (ಸ) ವಿಚಾರಿಸುತ್ತಿದ್ದ ಹದೀಸನ್ನು ಉಲಮಾಗಳು ಇದಕ್ಕೆ ಆಧಾರ ಕೊಡುತ್ತಾರೆ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಲ್ಲಿ ಸಾಯಿಸಿದ ಹೆಂಗಸಿನ ಹದೀಸ್ ಕೂಡ ಮದ್ರಸದ ಮಕ್ಕಳಿಗೆ ಗೊತ್ತು. ಟ್ಯಾಂಕಿನ ಮುಂದೆ ಕೂತು ಎರಡನ್ನೂ ಒಟ್ಟಿಗೆ ನೆನಪಿಸಿಕೊಳ್ಳಬೇಕು. ಗಾಜಿನೊಳಗಿನ ಹವಳ ಬಿಸಿಯಾಯಿತೆಂದು ಎಲ್ಲಿಗೂ ಓಡಿಹೋಗಲಾರದು. ರಜೆಗೆ ಹೊರಡುವ ಮೊದಲು ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಗೆರೆ ಎಳೆಯಿರಿ, ಶುದ್ಧ ನೀರಿನ ಕ್ಯಾನ್‌ಗಳಿಗೆ ಚೀಟಿ ಅಂಟಿಸಿ, ಉಪ್ಪಿನ ಡಬ್ಬ ಗೆಳೆಯನ ಕಣ್ಣಿಗೆ ಬೀಳದ ಹಾಗೆ ಇಡಿ.

ಇನ್ನು, ಅಲ್ಲಿಂದ ಹವಳದ ತುಂಡನ್ನು ಬ್ಯಾಗಿಗೆ ಹಾಕಿ ಊರಿಗೆ ತರುವ ಯೋಚನೆ ಬೇಡ. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳೂ ಸೇರಿವೆ. ಹುಲಿ, ಆನೆ ಇರುವ ಪಟ್ಟಿ ಅದು. ಸಿಕ್ಕಿಬಿದ್ದರೆ ಜೈಲು. ಮಂಗಳೂರು ಬಂದರಿಗೂ ಲಕ್ಷದ್ವೀಪಕ್ಕೂ ಹಳೆಯ ನಂಟು. ಅಲ್ಲಿಗೆ ಹೋದವರು ದಂಡೆಯಲ್ಲಿ ಬಿದ್ದ ಹವಳದ ಕಲ್ಲನ್ನು ಶೋಕೇಸಿಗೆಂದು ತಂದರೂ ಇದೇ ಕಾಯ್ದೆ.